ಲ್ಯಾಪ್‌ಟಾಪಿಗೆ ಕಟ್ಟಿದ್ದ ಕರಿದಾರ

ದೀಪ ಸಣ್ಣಗೆ ಉರಿಯಲಿ, ಪೂರ್ತಿ ಆರಿಸಬೇಡಿ. ಇದು ನಮ್ಮ ದೊಡ್ಡಮ್ಮನ ಮಗ ಹನುಮೇಶನಿಗೆ ಆದದ್ದು. ಹಳೇ ಲ್ಯಾಪ್‌ಟಾಪ್ ಕೊಂಡು, ಸರಿಮಾಡಿ, ಅರ್ಧ ಬೆಲೆಗೆ ಮಾರುವ ಅಂಗಡಿ ಅವನದು, ಹೊಳಲ್ಕೆರೆಯಲ್ಲಿ. ಅವನ ಮಾಲು ಕೈಕೊಡಲ್ಲ ಅಂತ ಸಿರಿಗೆರೆಯಿಂದಲೂ ಕಾಲೇಜಿನವರು ಬಸ್ಸು ಹತ್ತಿ ಬರುತ್ತಾರೆ.

ಹಳೇ ಮಾಲು ಬಂದರೆ ಮೊದಲು ಆಯುಧಪೂಜೆಯ ವಿಭೂತಿ, ಕುಂಕುಮ ಉಜ್ಜಿ ತೆಗೆಯುತ್ತಾನೆ. ಅದು ಕಂಡರೆ ಗಿರಾಕಿ ಚೌಕಾಸಿಗೆ ನಿಲ್ಲುತ್ತಾನಲ್ಲ! ಭೀಮಸಮುದ್ರದ ಮುದ್ದಪ್ಪಜ್ಜ ತನ್ನ ಸೊಸೆಯ ಲ್ಯಾಪ್‌ಟಾಪ್ ಮಾರಲು ತಂದಾಗ, ಮುಚ್ಚಳ ಸೇರುವ ಸಂದಿಯಲ್ಲಿ ಒಂದು ಕರಿದಾರ ಕಟ್ಟಿತ್ತು.

"ಆ ದಾರ ಮಾತ್ರ ಬಿಚ್ಚಬ್ಯಾಡಪ್ಪ."

ಹನುಮೇಶ ತಲೆಯಾಡಿಸಿದ. ಅಜ್ಜ ಬಾಗಿಲು ದಾಟುತ್ತಲೇ ಕಚಕ್ ಅಂತ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ. ಅಂಥ ಮೊಂಡ.

ಅದನ್ನು ಕೊಳ್ಳುವ ಗಿರಾಕಿ ಬೆಳಿಗ್ಗೆಯೇ ಬರುವವನಿದ್ದ. ಮನೆಯಲ್ಲಿ ಕೂತು ಮುಗಿಸೋಣವೆಂದು ಅದನ್ನು ಬ್ಯಾಗಿಗೆ ಹಾಕಿಕೊಂಡ. ಹಳೇ ಬ್ಯಾಟರಿ ತೆಗೆದಾಗಿತ್ತು, ಹೊಸದಿನ್ನೂ ಹಾಕಿರಲಿಲ್ಲ. ದಾರಿಯಲ್ಲಿ ಬೈಕು ಪಂಚರ್. ಕತ್ತಲಲ್ಲಿ ನಡೆದೇ ಊರಿಗೆ ಹೊರಟ. ಊರ ಹೊರಗಿನ ಹಾಳುಬಾವಿ ಹತ್ತಿರ ಬಂದಾಗ…

ಟಕ್.

ನಿಂತ. ಯಾವುದೋ ಹುಳ ಅಂದುಕೊಂಡ.

ಟಕ್… ಟಕ್ ಟಕ್…

ಬೆನ್ನ ಮೇಲಿನ ಬ್ಯಾಗಿನೊಳಗಿಂದ. ಕೀಬೋರ್ಡಿನ ಸದ್ದು. ಟೈಪು ಬಲ್ಲವರದಲ್ಲ… ಸಣ್ಣ ಮಕ್ಕಳು ಒಂದೇ ಬೆರಳಲ್ಲಿ ಕುಟ್ಟುತ್ತಾರಲ್ಲ, ಹಾಗೆ. ಆಮೇಲೆ ಫ್ಯಾನು ಗುಂಯ್ ಅಂತು. ಬೆನ್ನು ಬೆಚ್ಚಗಾಯಿತು. ಬ್ಯಾಟರಿಯೇ ಇಲ್ಲ ಅದಕ್ಕೆ!

"ಅಮ್ಮಾ… ಇನ್ನಾ ಮುಗಿಲಿಲ್ವಾ?"

ಪಿಸುದನಿ. ಕಿವಿಯ ಹಿಂದೆಯೇ. ಹನುಮೇಶ ಅಲ್ಲೇ ನಿಂತು ಮುದ್ದಪ್ಪಜ್ಜನಿಗೆ ಫೋನು ಹಚ್ಚಿದ.

"ದಾರ ಬಿಚ್ಚಿದೇನಪ್ಪ?" ಅಜ್ಜನೇ ಮೊದಲು ಕೇಳಿದ.

"ಹೂಂ ಅಜ್ಜ…"

"ನಮ್ ಸೊಸೆ ಮೀಟಿಂಗ್ ಐತೆ ಅಂತ ಅದ್ರ ಮುಂದೆ ಕುಂತಿದ್ಲು. ಕೂಸು ಆಟಕ್ಕೆ ಕರ್ದು ಕರ್ದು ಸಾಕಾಗಿ… ತಾನೊಂದೇ ಬಾವಿ ತಾವ ಹೋಗಿ ಬಿದ್ಬಿಡ್ತು. ಅವತ್ತಿಂದ ಜೊತೆಗೆ ಯಾರನ್ನಾರ ಹುಡುಕ್ತೈತೆ. ನಿನ್ ಮನೇಲಿ ಸಣ್ಣ ಮಕ್ಳು ಅವೇನು?"

ಮನೆಯಲ್ಲಿ ನಾಲ್ಕು ವರ್ಷದ ಮಗಳು ಹೇಮಾ ಇದ್ದಳು.

ತನಗೇನಾದರೂ ಆಗಲಿ, ಇದು ಮಗಳ ಹತ್ತಿರ ಸುಳಿಯಬಾರದು. ಬ್ಯಾಗನ್ನು ಬಾವಿಕಟ್ಟೆಯ ಮೇಲಿಟ್ಟು ಓಡಿದ. ಹಿಂದೆ ಸರ್ರ್… ಅಂತ ಜಿಪ್ಪು ಎಳೆದ ಸದ್ದು. ತಿರುಗಿ ನೋಡಲಿಲ್ಲ.

ಹೇಮಾ ಅವ್ವನ ಮಗ್ಗುಲಲ್ಲಿ ನಿದ್ದೆ ಹೋಗಿದ್ದಳು. ಕಾಲು ಮುಟ್ಟಿ ನೋಡಿದ. ದೃಷ್ಟಿಯಾಗದಿರಲೆಂದು ಕಟ್ಟಿದ್ದ ಕರಿದಾರ ಇತ್ತು, ಅದರ ಪುಟ್ಟ ಗೆಜ್ಜೆಯೂ ಇತ್ತು. ಜೀವ ಬಂದ ಹಾಗಾಯಿತು.

"ಏನಾತ್ರಿ?" ಹೆಂಡತಿ ಶಾಂತಿ ಎದ್ದು ಕೇಳಿದಳು.

"ಏನಿಲ್ಲ… ಮಲಕ್ಕೋ."

ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಬೆಳಗಿನವರೆಗೂ ಕೂತ. ಬಾಗಿಲು ಅಲ್ಲಾಡಲಿಲ್ಲ.

ಬೆಳಕು ಹರಿದ ಮೇಲೆ ಬಾವಿಗೆ ಹೋದ. ಲ್ಯಾಪ್‌ಟಾಪು ಬ್ಯಾಗಿನ ಹೊರಗೆ, ಮುಚ್ಚಿಕೊಂಡು ಕೂತಿತ್ತು. ಮುಚ್ಚಳದ ಸಂದಿಯಲ್ಲಿ ಒಂದು ಕರಿದಾರ. ದಾರದಲ್ಲಿ ಪುಟ್ಟ ಗೆಜ್ಜೆ.

ಓಡಿಬಂದು ಮಗಳ ಕಾಲು ನೋಡಿದ. ಬರಿದಾಗಿತ್ತು.

"ದಾರ ಎಲ್ಲವ್ವಾ?"

"ಪಾಪು ಬಂದು ಕೇಳ್ತು… ಕೊಟ್ಟೆ."

ಅದೇ ದಾರದ ಸಮೇತ ಲ್ಯಾಪ್‌ಟಾಪನ್ನು ಅಜ್ಜನಿಗೆ ಮುಟ್ಟಿಸಿ ಬಂದ. ಈಗ ಯಾರ ಮಾಲಿನಲ್ಲಿ ದಾರ ಕಂಡರೂ ಕೈ ಹಚ್ಚುವುದಿಲ್ಲ. ಹೇಮಾ ಚೆನ್ನಾಗಿದ್ದಾಳೆ, ಶಾಲೆಗೂ ಹೋಗುತ್ತಾಳೆ. ಆದರೆ ಆ ಕಾಲಲ್ಲಿ ದಾರ ನಿಲ್ಲುವುದಿಲ್ಲ. ಕಟ್ಟುಕತೆ ಅನ್ನಬೇಡಿ, ಹೋದ ಅಮಾವಾಸ್ಯೆಗೆ ಕಟ್ಟಿದವಳು ನಾನೇ. ಹಿಮ್ಮಡಿ ದಾಟದಷ್ಟು ಬಿಗಿಯಾಗಿ ಕಟ್ಟಿದ್ದೆ. ಬೆಳಿಗ್ಗೆ ದಾರ ದಿಂಬಿನ ಪಕ್ಕ ಬಿದ್ದಿತ್ತು. ಗಂಟು ಬಿಚ್ಚಿರಲಿಲ್ಲ.