ಮತದಾನದ ಸಂಜೆ ಪೆಟ್ರೋಲ್ ಬಂಕಿನಲ್ಲಿ

ಮತದಾನ ಮುಗಿದ ಸಂಜೆ ಎನ್.ಆರ್. ಕಾಲೋನಿಯ ಪೆಟ್ರೋಲ್ ಬಂಕಿನ ಸಾಲು ರಸ್ತೆಯವರೆಗೂ ಬೆಳೆದಿತ್ತು. ಕಾದು ಕಾದು ರೇಗಿಹೋಗಿದ್ದ ಮೈತ್ರೇಯಿಯ ಸ್ಕೂಟರಿನ ಮುಂದೆ ಒಂದು ಬೈಕು, ಅದರ ಮೇಲೆ ಗಂಡ ಹೆಂಡತಿ. ಗಂಡ ಪಕ್ಷದ ಶಾಲನ್ನು ಮಡಚಿ ಜೇಬಿಗೆ ತುರುಕಿಕೊಂಡಿದ್ದ.

"ಇಷ್ಟು ಅರ್ಜೆಂಟಾಗಿ ಟ್ಯಾಂಕ್ ಯಾಕ್ರೀ ತುಂಬಿಸ್ಬೇಕು?" ಹೆಂಡತಿ ಕೇಳಿದಳು.

"ರೇಟ್ ಏರತ್ತೆ ವಿಶಾಲೂ. ಎಲೆಕ್ಷನ್ ಅಂತ ತಡ್ಕೊಂಡಿದ್ರು. ಇನ್ಯಾಕೆ ತಡ್ಕೋತಾರೆ?"

"ಏರಲ್ಲ ಅಂತ ನೀವೇ ತಾನೆ ಮನೆಮನೆಗೆ ಹೇಳ್ಕೊಂಡು ಬಂದಿದ್ದು?"

"ಪಕ್ಷದೋರು ಹೇಳು ಅಂದ್ರು, ಹೇಳ್ದೆ."

"ಆಗ್ಲೇ ಗೊತ್ತಿತ್ತಾ ನಿಮಗೆ?"

"ಎಲ್ರಿಗೂ ಗೊತ್ತಿರೋದೇ ಕಣೇ ಅದು."

"ನನಗೆ ಗೊತ್ತಿರ್ಲಿಲ್ಲ. ಪಕ್ಕದ್ಮನೆ ಯಮುನಾಗೂ ಗೊತ್ತಿರ್ಲಿಲ್ಲ. ಸ್ಕೂಲ್ ವ್ಯಾನ್ ಓಡಿಸಿ ಸಂಸಾರ ನಡೆಸ್ತಾಳೆ ಅವಳು. ನಿಮ್ಮ ಜೊತೆ ನಾನೂ ಬಂದಿದೀನಿ ಅಂತ ನಂಬಿ ಓಟು ಹಾಕಿದ್ಲು."

ಗಂಡ ಬೈಕನ್ನು ಒಂದಿಷ್ಟು ಮುಂದಕ್ಕೆ ತಳ್ಳಿದ. ಮೈತ್ರೇಯಿ ತನ್ನ ಬೆರಳಿನ ಶಾಯಿ ನೋಡಿಕೊಂಡಳು. ಅವಳ ಮನೆಗೂ ಯಾರೋ ಬಂದು ಇದನ್ನೇ ಹೇಳಿ ಹೋಗಿದ್ದರು.

ಹೆಂಡತಿ ಬೈಕಿನಿಂದ ಇಳಿದು ಫೋನ್ ತೆಗೆದಳು.

"ಯಾರಿಗೇ ಫೋನು?"

"ಯಮುನಾಗೆ. ಈಗ್ಲೇ ಬಂದು ತುಂಬಿಸ್ಕೋ ಅಂತೀನಿ. ಆಮೇಲೆ ನಾವು ಹೋಗಿದ್ದ ಬೇರೆ ಮನೆಯೋರಿಗೂ ಹೇಳ್ತೀನಿ."

"ಸುಮ್ನಿರೇ, ಪಕ್ಷದ ಮರ್ಯಾದೆ ಹೋಗತ್ತೆ."

"ಹೋಗ್ಲಿ. ನಾಳೆ ನಾನು ಅವಳ ಮುಖ ನೋಡ್ಬೇಕು."

ಅಷ್ಟರಲ್ಲಿ ಅವನ ಸರದಿ ಬಂತು. ಟ್ಯಾಂಕ್ ತುಂಬಿಸಿಕೊಂಡು ಬಂದು ಹೆಂಡತಿಯ ಮುಂದೆ ಬೈಕು ನಿಲ್ಲಿಸಿದ. ಅವಳು ಹತ್ತಲಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ರಸ್ತೆ ದಾಟಿ ನಡೆದಳು. ಅವನು ಅವಳ ನಡಿಗೆಗೆ ಸರಿಯಾಗಿ ನಿಧಾನಕ್ಕೆ ಬೈಕು ಓಡಿಸುತ್ತ ಹಿಂದೆ ಹೋದ.