ತಂಗಿ ಗೆದ್ದ ಲೋಗೋ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಹಿಡಿದು ಕೂತಿದ್ದ ದರ್ಜಿಯ ಕಿವಿಯೆಲ್ಲ ಪಕ್ಕದ ಬೆಂಚಿನ ಅಕ್ಕತಂಗಿಯರ ಕಡೆಗಿತ್ತು.

"ಅಕ್ಕಾ, ಆನ್‌ಲೈನಲ್ಲಿ ನಂಗೆ ಮೊದಲ್ನೇ ಕೆಲಸ ಸಿಕ್ತು! ಬೇಕರಿ ಲೋಗೋ."

"ಅದಕ್ಕೆ ಇಷ್ಟು ದುಡ್ಡಿಗೆ ಮಾಡ್ಕೊಡ್ತೀನಿ ಅಂತ ನಾನೂ ಬಿಡ್ ಹಾಕಿದ್ದೆ ಕಣೇ."

"ಗೊತ್ತು. ನಿನ್ನ ಲ್ಯಾಪ್‌ಟಾಪ್ ತೆರೆದೇ ಇತ್ತಲ್ಲ. ನೀನು ಕೇಳಿದ್ದ ದುಡ್ಡಿನ ಅರ್ಧಕ್ಕೆ ನಾನು ಹಾಕಿದೆ."

ಅಕ್ಕ ಮುಖ ಆಚೆ ತಿರುಗಿಸಿದಳು.

"ಮುಖ ಯಾಕೆ ಊದಿಸ್ಕೋತೀಯಾ? ಹೊಸಬರು ಕಡಿಮೆಗೆ ಹಾಕ್ಬೇಕು ಅಂತ ನೀನೇ ಹೇಳ್ಕೊಟ್ಟಿದ್ದು."

"ಸರಿ, ಮಾಡ್ಕೋ ಹೋಗು."

"ನಂಗೆಲ್ಲಿ ಬರುತ್ತೆ? ನೀನು ಬಿಡಿಸಿದ್ದ ಲೋಗೋಗಳನ್ನೇ ನಂದು ಅಂತ ತೋರಿಸಿದ್ದೆ. ಅವರಿಗೆ ತುಂಬಾ ಹಿಡಿಸ್ತಂತೆ. ನೀನೇ ಮಾಡ್ಕೊಡು, ಇಲ್ಲಾಂದ್ರೆ ಮೊದಲ್ನೇ ಕೆಲಸಕ್ಕೇ ನನ್ನ ಹೆಸರು ಕೆಡುತ್ತೆ."

ಒಳಗಿನಿಂದ ನರ್ಸ್ ಅಕ್ಕನನ್ನು ಕರೆದಳು. ಎದ್ದು ಹೊರಟವಳು ತಂಗಿಯ ಮುಖ ನೋಡದೆಯೇ ಕೇಳಿದಳು:

"ಯಾವತ್ತಿಗೆ ಕೊಡ್ಬೇಕಂತೆ?"