ಬೋರ್‌ವೆಲ್ ಬೀಗದ ಕೈ

ಶೇಷಾದ್ರಿಪುರಂನ ಹಿಟ್ಟಿನ ಗಿರಣಿಯಲ್ಲಿ ಕರೆಂಟು ಹೋಗಿತ್ತು. ಗೋಧಿ ಡಬ್ಬ ಕಾಲಬಳಿ ಇಟ್ಟುಕೊಂಡು ಕೂತಿದ್ದ ನಿವೃತ್ತ ಮೇಷ್ಟ್ರು ವಾದಿರಾಜರು, ಬೇರೆ ಕೆಲಸವಿಲ್ಲದೆ, ಪಕ್ಕದ ಬೆಂಚಿನ ಇಬ್ಬರು ಹೆಂಗಸರ ಮಾತಿಗೆ ಕಿವಿಗೊಟ್ಟರು.

"ಮೂರು ದಿನ ನೀರಿಲ್ಲ ಕಣ್ರೀ. ಬೋರ್‌ವೆಲ್ ಬೀಗದ ಕೈ ಇಟ್ಕೊಂಡೋರು ಮದುವೆಗೆ ಅಂತ ಮೈಸೂರಿಗೆ ಹೋಗ್ಬಿಟ್ರು," ಎಂದರು ಮಲ್ಲೇಶ್ವರದ ತುಳಸಮ್ಮ.

"ಇನ್ನೊಂದು ಬೀಗದ ಕೈ ಮಾಡಿಸ್ಕೋಬಾರ್ದಾ?" ಎಂದರು ಶ್ರೀರಾಂಪುರದ ಲಕ್ಷ್ಮೀದೇವಮ್ಮ.

"ಹೇಗೆ ಕೇಳೋದು? ಬೀದೀಲಿ ಎಲ್ಲಾ ನಮ್ಮೋರೇ. ನಂಬಿಕೆ ಇಲ್ವಾ ಅಂತ ಬೇಜಾರ್ ಮಾಡ್ಕೋತಾರೆ. ನಿಮ್ಮ ಬೀದೀಲಿ?"

"ನಮ್ದು ಸಂತೆ. ತಮಿಳ್ನೋರು, ತೆಲುಗ್ನೋರು, ಮುಸ್ಲಿಮ್ರು, ನಾವು ಗೌಡ್ರು. ಮೊದಲು ಯಾರಿಗೂ ಯಾರ ಮೇಲೂ ನಂಬಿಕೆ ಇರ್ಲಿಲ್ಲ. ಅದಕ್ಕೇ ಬೀಗದ ಕೈ ವಾರಕ್ಕೊಂದು ಮನೇಲಿ ಅಂತ ಮಾಡಿದ್ವಿ."

"ಜಗಳ ಆಗಲ್ವಾ?"

"ಆಗದೆ ಏನು? ನಡುಬೀದೀಲೇ ಆಗುತ್ತೆ. ಆದ್ರೆ ನೀರು ನಿಲ್ಲಲ್ಲ. ನಮ್ಮ ಹಬ್ಬಕ್ಕೆ ಖಾದರಣ್ಣ ಮೋಟರ್ ಹಾಕ್ತಾರೆ, ಅವರ ಹಬ್ಬಕ್ಕೆ ನಾವು. ಎಲ್ರೂ ಒಂದೇ ಮದುವೆಗೆ ಹೋಗೋ ಹಾಗೇ ಇಲ್ವಲ್ಲ!"

ತುಳಸಮ್ಮ ನಕ್ಕರು. "ಹಾಗಾದ್ರೆ ನಂಬಿಕೆ ಇಲ್ದಿರೋದೇ ಒಳ್ಳೇದಾ?"

"ಈಗ ಇದೆ ಕಣಮ್ಮ. ಆದ್ರೂ ಸೋಮವಾರ ಬಂದ್ರೆ ಬೀಗದ ಕೈ ಪಕ್ಕದ ಮನೆಗೆ ಹೋಗ್ಲೇಬೇಕು."

ಕರೆಂಟು ಬಂತು. ಇಬ್ಬರೂ ಹಿಟ್ಟು ಬೀಸಿಸಿಕೊಂಡು ಹೊರಟರು.

ಸರದಿ ಬಂದರೂ ವಾದಿರಾಜರು ಏಳಲಿಲ್ಲ. ಅವರ ಬೀದಿಯ ಬೋರ್‌ವೆಲ್ ಬೀಗದ ಕೈ ಒಂಬತ್ತು ವರ್ಷದಿಂದ ಅವರ ಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಒಬ್ಬರೂ ಅದನ್ನು ಕೊಡಿ ಎಂದು ಕೇಳಿರಲಿಲ್ಲ. ಇಷ್ಟು ದಿನ ಅದನ್ನವರು ತಮಗೆ ಕೊಟ್ಟ ಮರ್ಯಾದೆ ಎಂದುಕೊಂಡಿದ್ದರು.